ಎತ್ತಿ ಆಡಿಸಿದವರ ಮುಂದೆ ಅಧ್ಯಕ್ಷೆ: ಮೂಡಿಗೆರೆ ಕಡೆಯ ಒಂದು ಶಾಲೆಯ ಪ್ರಕರಣ

ಊರಿನ ಹೆಸರು ಬರೆಯಲ್ಲ, ಶಾಲಾ ಸಮಿತಿ ಅಧ್ಯಕ್ಷರ ಹೆಸರೂ ಬರೆಯಲ್ಲ, ಯಾಕಂದ್ರೆ ಇದರಲ್ಲಿ ಬರೋ ಅರ್ಧ ಜನ ಅವರ ನೆಂಟ್ರು, ಇನ್ನರ್ಧ ಜನ ನನಗೆ ಇವತ್ತಿಗೂ ವಾರಕ್ಕೊಂದ್ಸಲ ಬಸ್ಸಲ್ಲಿ ಸಿಗ್ತಾರೆ. ಚಿಕ್ಕಮಗಳೂರು ಜಿಲ್ಲೆ, ಮೂಡಿಗೆರೆ ತಾಲೂಕು, ಸುತ್ತ ಕಾಫಿ ತೋಟ, ಮಧ್ಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳನೇ ಕ್ಲಾಸ್ ತನಕ. ಇಷ್ಟು ಸಾಕು. ನಾನು ಆಗ ಆ ಕ್ಲಸ್ಟರ್‌ಗೆ ಸಿಆರ್‌ಪಿ ಆಗಿದ್ದೆ, ಅಂದ್ರೆ ಹತ್ತು ಹನ್ನೆರಡು ಶಾಲೆ ಸುತ್ತಿ ಮಾಹಿತಿ ತಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡೋದು, ಅಲ್ಲಿ ಬೈಸ್ಕೊಂಡು ಬಂದು ಅದನ್ನ ಶಾಲೆಯವರಿಗೆ ಹಂಚೋದು. ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆ ಒಂದು ತಪ್ಪಾಗಿತ್ತು, ಅದನ್ನೂ ಬರೀತೀನಿ.

2023ರ ಜೂನ್‌ನಲ್ಲಿ ಆ ಶಾಲೇಲಿ ಇದ್ದಿದ್ದು 23 ಮಕ್ಕಳು. ಏಳು ಕ್ಲಾಸಿಗೆ 23. ಹೆಡ್ ಮೇಡಂ ಒಬ್ರು ಪರ್ಮನೆಂಟು, ಇನ್ನೊಬ್ಬ ಮೇಷ್ಟ್ರನ್ನ ಬೇರೆ ಶಾಲೆಗೆ ನಿಯೋಜನೆ ಹಾಕಿದ್ರು, ಆ ಜಾಗಕ್ಕೆ ಅತಿಥಿ ಶಿಕ್ಷಕಿ ಒಬ್ರು ಬರೋರು. ಬೆಳಿಗ್ಗೆ ಪ್ರೈವೇಟ್ ಸ್ಕೂಲ್ ವ್ಯಾನ್ ಊರ ಬಾಗಿಲಿಗೇ ಬರುತ್ತೆ, ಟೈ ಕಟ್ಟಿದ ಮಕ್ಕಳು ಹತ್ತಿ ಹೋಗ್ತಾರೆ, ಉಳಿದವರು ಇಲ್ಲಿಗೆ. ಆಫೀಸಲ್ಲಿ ಆಗ್ಲೇ ಬಾಯಿಮಾತಲ್ಲಿ ಶುರುವಾಗಿತ್ತು, ಮುಂದಿನ ವರ್ಷ ಆರು ಏಳು ಎತ್ತಿ ಪಕ್ಕದ ಶಾಲೆಗೆ ಸೇರಿಸೋಣ, ಆಮೇಲೆ ನೋಡೋಣ ಅಂತ. ಈ "ಆಮೇಲೆ ನೋಡೋಣ" ಅನ್ನೋದು ನಮ್ಮ ಇಲಾಖೇಲಿ ಏನು ಅಂತ ಎಲ್ಲರಿಗೂ ಗೊತ್ತು.

ಅಧ್ಯಕ್ಷರು ಅಂದ್ರೆ ಎಸ್‌ಡಿಎಂಸಿ ಅಧ್ಯಕ್ಷರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ಪೂರ್ತಿ ಹೆಸರು ಯಾರೂ ಹೇಳಲ್ಲ. ರಾಜಾ ರಾಮಣ್ಣ ಅವರ ಕಾರ್ಯಪಡೆ ವರದಿ ಆದ್ಮೇಲೆ 2001ರ ಏಪ್ರಿಲ್ 28ರ ಆದೇಶದಲ್ಲಿ ನಮ್ಮ ರಾಜ್ಯದಲ್ಲಿ ಹುಟ್ಟಿದ್ದು ಇದು, ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಅರ್ಧ ಹೆಂಗಸರಿರ್ಬೇಕು ಅಂತ ಗಟ್ಟಿ ಮಾಡ್ತು. ಸಾಮಾನ್ಯವಾಗಿ 18 ಜನ ಪೋಷಕ ಸದಸ್ಯರು. 23 ಮಕ್ಕಳಿದ್ದ ಈ ಶಾಲೇಲಿ ಮನೆ ಲೆಕ್ಕ ಹಾಕಿದ್ರೆ 16 ಮನೆ, ಹಾಗಾಗಿ ಊರಲ್ಲಿ ಮಗು ಇದ್ದೋರೆಲ್ಲ ಸದಸ್ಯರೇ, ವಿರೋಧ ಪಕ್ಷ ಅಂತ ಇರೋಕೆ ಜನಾನೇ ಇರ್ಲಿಲ್ಲ. ಮಹಿಳೆ ಅಧ್ಯಕ್ಷರಾದ ಕಡೆ ಎಷ್ಟೋ ಸಲ ಮೀಟಿಂಗಿಗೆ ಬರೋದು ಗಂಡ, ಚೆಕ್ಕಿಗೆ ಸೈನು ಮಾತ್ರ ಹೆಂಡ್ತೀದು. ಇಲ್ಲಿ ಹಾಗಾಗಲಿಲ್ಲ, ಯಾಕೆ ಅಂದ್ರೆ ಈ ಅಧ್ಯಕ್ಷರು ಸಂಜೀವಿನಿ ಸ್ವಸಹಾಯ ಸಂಘಗಳ ಲೆಕ್ಕ ಬರೆಯೋರು, ಪುಸ್ತಕ ಅಂದ್ರೆ ಅವರಿಗೆ ದೇವರ ಪಟದ ಹಾಗೆ, ಇನ್ನೊಬ್ಬರ ಕೈಗೆ ಕೊಡ್ತಾನೇ ಇರ್ಲಿಲ್ಲ.

ಅವರು ಹುಟ್ಟಿದ್ದು ಅದೇ ಊರಿನ ತೋಟದ ಲೈನ್ ಮನೇಲಿ, ಅಂದ್ರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೇಲಿ. ಓದಿದ್ದು ಅದೇ ಶಾಲೆ. ಅಪ್ಪ ಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಹೋಗ್ಬಿಟ್ರು, ಆಗ ಇವರಿಗೆ ಐದು ವರ್ಷ. (ಈ ಏಣಿ ಸಾವು ಮಲೆನಾಡಲ್ಲಿ ಇನ್ನೂ ನಿಂತಿಲ್ಲ, ಮರ ಹತ್ತೋ ಸೀಸನ್ ಬಂತು ಅಂದ್ರೆ ಒಂದಾದ್ರೂ ಸುದ್ದಿ ಕೇಳ್ತೀವಿ.) ಅಮ್ಮ ಬೆಳಿಗ್ಗೆ ತೋಟಕ್ಕೆ ಹೋದ್ರೆ ಸಂಜೆಗೇ ಬರೋದು. ಇವರು ಏಳನೇ ಕ್ಲಾಸ್ ಮುಗಿಸಿದ್ದು 2002ರಲ್ಲಿ, ನಮ್ಮ ಕಡೆ ಶಾಲೆಗೆ ಬಿಸಿಯೂಟ ಬಂದಿದ್ದು ಅದಾದ್ಮೇಲೆ, ಹಾಗಾಗಿ ಮಧ್ಯಾಹ್ನ ಊಟಕ್ಕೆ ಶಾಲೆಯಿಂದ ಓಡಿ ಬಂದು ಲೈನಲ್ಲಿ ಯಾರ ಮನೆ ಬಾಗಿಲು ತೆಗೆದಿದ್ಯೋ ಅಲ್ಲಿ ಉಣ್ಣೋದು. ಸೋದರಮಾವ ಹೆಗಲ ಮೇಲೆ ಕೂರಿಸ್ಕೊಂಡು ಹಳ್ಳ ದಾಟಿಸೋರು. ಮೇಷ್ಟ್ರೊಬ್ರು ಯೂನಿಫಾರಂ ಹೊಲಿಸಿಕೊಟ್ರು, ಹುಟ್ಟಿದ ತಾರೀಖು ಗೊತ್ತಿಲ್ಲ ಅಂದಿದ್ದಕ್ಕೆ ಜೂನ್ 1 ಅಂತ ಬರ್ಕೊಂಡಿದ್ದೂ ಅವರೇ, ನಮ್ಮ ಕಡೆ ಒಂದು ಕಾಲದ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದ್ದು ಬಿಡಿ. ಮೂಡಿಗೆರೇಲಿ ಪಿಯುಸಿ ಓದೋಕೆ ಫೀಸು ಕಟ್ಟಿದ್ದು ತೋಟದ ಸಾಹುಕಾರ್ರ ಮನೆ ಅಮ್ಮಾವ್ರು.

ಇದನ್ನೆಲ್ಲ ಇಷ್ಟುದ್ದ ಯಾಕೆ ಬರೆದೆ ಅಂದ್ರೆ, ಊರು ಸಾಕಿದ ಮಗಳು ಅಂತ ನಾವು ಹೊಗಳಿಕೆ ಥರ ಹೇಳ್ತೀವಲ್ಲ, ಅದು ಹತ್ತಿರದಿಂದ ನೋಡಿದ್ರೆ ಸಾಲದ ಪಟ್ಟಿ. ಊರಲ್ಲಿ ಪ್ರತಿ ಮನೆಯವರ ಹತ್ರಾನೂ ಒಂದೊಂದು ಚೀಟಿ ಇದೆ. "ನಿನ್ನ ಎತ್ತಿ ಆಡಿಸಿದ್ದೇ ನಾನು" ಅಂತ ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಹೇಳ್ಬಹುದು. ಮುಂದಿನ ಒಂದು ವರ್ಷ ಆಗಿದ್ದು ಅದೇ.

ಲೈನಲ್ಲಿ ಎಣಿಸಿದ್ದು

ದಸರಾ ರಜೆ ಮುಗಿದು ನವೆಂಬರ್ ಬಂತು ಅಂದ್ರೆ ನಮ್ಮ ಕಡೆ ಅರೇಬಿಕಾ ಕೊಯ್ಲು, ಅದು ಮುಗಿಯೋ ಹೊತ್ತಿಗೆ ರೋಬಸ್ಟಾ, ಫೆಬ್ರವರಿ ಮಾರ್ಚ್ ತನಕ ಎಳೆಯುತ್ತೆ. ಲೋಕಲ್ ಜನ ಸಾಕಾಗಲ್ಲ, ಲೈನ್ ತುಂಬಾ ಅಸ್ಸಾಂನವರು. ನಾವು ಸುಮ್ನೆ ಒಂದೇ ಮಾತಲ್ಲಿ ಅಸ್ಸಾಂನವರು ಅಂತೀವಿ, ಅವರಲ್ಲಿ ಬಂಗಾಳಿ ಮಾತಾಡೋರಿದ್ರು, ಅಲ್ಲಿನ ಟೀ ತೋಟಗಳ ಸಾದ್ರಿ ಮಾತಾಡೋರಿದ್ರು, ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳೀತಿರ್ಲಿಲ್ಲ. ಟೀ ತೋಟದಿಂದ ಕಾಫಿ ತೋಟಕ್ಕೆ ಬಂದೋರು. ಕೆ.ಜಿ. ಲೆಕ್ಕದಲ್ಲಿ ಕೂಲಿ, ಹಾಗಾಗಿ ಗಂಡ ಹೆಂಡ್ತಿ ಇಬ್ರೂ ಬೆಳಗಾಗ್ತಲೇ ಹೊರಡ್ತಾರೆ, ದೊಡ್ಡ ಮಗು ಚಿಕ್ಕ ಮಗೂನ ನೋಡ್ಕೊಂಡು ಲೈನಲ್ಲೇ.

ಅಧ್ಯಕ್ಷರು ಸಂಘದ ಸಾಲ ವಸೂಲಿಗೆ ಲೈನ್ ಕಡೆ ಹೋದಾಗ ಸುಮ್ನೆ ಎಣಿಸಿದ್ರು. ಆರರಿಂದ ಹದಿನಾಲ್ಕರ ಒಳಗಿನವರು 17 ಮಕ್ಕಳು. ಶಾಲೇಲಿ 23, ಲೈನಲ್ಲಿ 17. ಸಂಜೆ ನನಗೆ ಫೋನ್ ಮಾಡಿ, ಸರ್, ಮಕ್ಕಳಿಲ್ಲ ಮಕ್ಕಳಿಲ್ಲ ಅಂತೀರಲ್ಲ, ಇಲ್ಲಿ ಇದ್ದಾವೆ ನೋಡಿ ಅಂದ್ರು.

ಇಲ್ಲೇ ನನ್ನ ತಪ್ಪು ಸಲಹೆ. ಹೆಡ್ ಮೇಡಂಗೆ ಭಯ, ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಕೆಲವರಿಗೆ ಆಧಾರ್ ಇಲ್ಲ, ಮಕ್ಕಳ ದಾಖಲೆ ಇಡೋ ಇಲಾಖೆಯ ಸ್ಯಾಟ್ಸ್ ಆನ್‌ಲೈನ್ ವ್ಯವಸ್ಥೇಲಿ ಹೇಗೆ ಏರಿಸೋದು, ಮಾರ್ಚ್‌ನಲ್ಲಿ ಇವರು ಹೊರಟುಹೋದ್ರೆ ಅಷ್ಟೂ ಶಾಲೆ ಬಿಟ್ಟ ಮಕ್ಕಳು ಅಂತ ನಮ್ಮ ತಲೆಗೆ ಬರುತ್ತೆ. ನಾನು ಜಾಣತನ ಮಾಡಿ, ದಾಖಲಾತಿ ಬೇಡ, ಹಾಗೇ ಬಂದು ಕೂತ್ಕೊಳ್ಲಿ, ಊಟ ಮಾಡ್ಲಿ, ನಲಿಕಲಿ ಕಾರ್ಡ್ ಹಿಡ್ಕೊಂಡು ಕಲೀಲಿ ಅಂದೆ. ಅಧ್ಯಕ್ಷರು ಒಂದೇ ಪ್ರಶ್ನೆ ಕೇಳಿದ್ರು: "ಹೆಸರಿಲ್ದೆ ಕೂತ ಮಗು ಉಂಡ ಅಕ್ಕಿನ ಯಾರ ಲೆಕ್ಕದಲ್ಲಿ ಬರೀತೀರ ಸರ್?" ನನ್ನ ಹತ್ರ ಉತ್ತರ ಇರ್ಲಿಲ್ಲ. ಮೊಟ್ಟೆ ಆಗ ವಾರಕ್ಕೆ ಎರಡು, ಹಾಜರಾತಿ ಪ್ರಕಾರ. ಹೆಸರಿಲ್ಲದ ಮಗುಗೆ ಕೊಟ್ರೆ ಹೆಸರಿರೋ ಮಗುದು ಕಮ್ಮಿ ಮಾಡಿ ಕೊಡ್ಬೇಕು, ಇಲ್ಲ ಸುಳ್ಳು ಬರೀಬೇಕು. ಲೆಕ್ಕ ಬರೆಯೋರಿಗೆ ಇದು ತಕ್ಷಣ ಹೊಳೆಯುತ್ತೆ, ನನ್ನಂಥವರಿಗೆ ಹೊಳೆಯಲ್ಲ.

ಕಾನೂನು ನೋಡಿದ್ರೆ ಅವರ ಕಡೆಗೇ ಇತ್ತು, ನಾವು ಓದಿರ್ಲಿಲ್ಲ ಅಷ್ಟೆ. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸ್ಕೊಳ್ಳದೆ ಇರೋ ಹಾಗಿಲ್ಲ, 15ನೇದರ ಪ್ರಕಾರ ವರ್ಷದ ಮಧ್ಯ ಬಂದ್ರೂ ಇಲ್ಲ ಅನ್ನೋ ಹಾಗಿಲ್ಲ, 4ನೇದರ ಪ್ರಕಾರ ವಯಸ್ಸಿಗೆ ತಕ್ಕ ಕ್ಲಾಸಿಗೇ ಹಾಕ್ಬೇಕು, ಹಿಂದೆ ಇದ್ರೆ ವಿಶೇಷ ತರಬೇತಿ ಕೊಡ್ಬೇಕು. 5ನೇದು ಟಿಸಿ ವಿಷಯ, ಅದು ಮುಂದೆ ಬರುತ್ತೆ. ನಾನು ಇದನ್ನ ಒಂದು ಹಾಳೇಲಿ ಬರೆದು ಕೊಟ್ಟೆ, ಅಧ್ಯಕ್ಷರು ಅದನ್ನ ನಡಾವಳಿ ಪುಸ್ತಕಕ್ಕೆ ಅಂಟಿಸಿದ್ರು. ಹೆಡ್ ಮೇಡಂಗೆ ಅಂಟಿಸಿದ ಹಾಳೆ ನೋಡಿ ಧೈರ್ಯ ಬಂತು, ಯಾಕಂದ್ರೆ ಇನ್ಮೇಲೆ ಯಾರಾದ್ರೂ ಕೇಳಿದ್ರೆ ಸಮಿತಿ ತೀರ್ಮಾನ ಅನ್ನಬಹುದು.

ಆದ್ರೆ 17 ಜನ ಒಟ್ಟಿಗೆ ಬರ್ಲಿಲ್ಲ. ಹತ್ತು ಹನ್ನೊಂದು ವರ್ಷದ ಹೆಣ್ಣುಮಕ್ಕಳು ಕಂಕುಳಲ್ಲಿ ಮಗು ಇಟ್ಕೊಂಡಿರೋರು, ಅವರು ಬಂದ್ರೆ ಮಗು ನೋಡೋರ್ಯಾರು. ಅಂಗನವಾಡಿಗೆ ಮೂರು ವರ್ಷ ತುಂಬಿರ್ಬೇಕು. ಆ ವರ್ಷ ಸರ್ಕಾರ ಕೂಸಿನ ಮನೆ ಅಂತ ಶಿಶುಪಾಲನಾ ಕೇಂದ್ರಗಳನ್ನ ಗ್ರಾಮ ಪಂಚಾಯ್ತಿಗಳಲ್ಲಿ ಶುರು ಮಾಡ್ತಾ ಇತ್ತು, ಅದು ನರೇಗಾ ಕೂಲಿಯವರಿಗೆ ಅಂತ, ಅದೂ ಪಂಚಾಯ್ತಿ ಇರೋ ಊರಲ್ಲಿ, ಲೈನಿಂದ ನಾಲ್ಕು ಕಿಲೋಮೀಟರ್. ಉಪಯೋಗ ಇಲ್ಲ. ತೋಟದಲ್ಲೇ ಒಂದು ಶಿಶುವಿಹಾರದ ರೂಮಿತ್ತು, ಅಧ್ಯಕ್ಷರು ಚಿಕ್ಕವರಿದ್ದಾಗ ಅಲ್ಲೇ ಮಲಗ್ತಿದ್ದಿದ್ದು, ಈಗ ಅದರೊಳಗೆ ಗೊಬ್ಬರದ ಚೀಲ. ಆಗ ಜಾರೀಲಿದ್ದ 1951ರ ಪ್ಲಾಂಟೇಶನ್ ಲೇಬರ್ ಆಕ್ಟ್ ಪ್ರಕಾರ 50 ಹೆಣ್ಣಾಳು ಇದ್ರೆ, ಅಥವಾ ಹೆಣ್ಣಾಳುಗಳ ಮಕ್ಕಳು 20 ಇದ್ರೆ, ತೋಟದವರು ಶಿಶುವಿಹಾರ ನಡೆಸಬೇಕಿತ್ತು, ಕಾಂಟ್ರಾಕ್ಟ್‌ನಲ್ಲಿ ಬಂದೋರೂ ಆ ಲೆಕ್ಕಕ್ಕೆ ಸೇರ್ತಿದ್ರು. ನಾನು ಹೇಳಿದೆ, ಲೇಬರ್ ಇನ್ಸ್‌ಪೆಕ್ಟರ್‌ಗೆ ಒಂದು ಅರ್ಜಿ ಹಾಕಿ ಅಂತ. ಅವರು ಹಾಕ್ಲಿಲ್ಲ.

ಸೀದಾ ಅಮ್ಮಾವ್ರ ಮನೆಗೆ ಹೋದ್ರು. ಫೀಸು ಕಟ್ಟಿದ ಅಮ್ಮಾವ್ರು, ಈಗ ಎಪ್ಪತ್ತು ದಾಟಿದೆ, ತೋಟ ನೋಡೋದು ಮಗ. ನಾನು ಜೊತೆಗೆ ಹೋಗಿರ್ಲಿಲ್ಲ, ಆಮೇಲೆ ಕೇಳಿದ್ದು. ಇವರು ಯಾವತ್ತಿನ ಹಾಗೆ ಹಿತ್ತಲ ಕಡೆಯಿಂದ ಹೋಗ್ದೆ ಮುಂದಿನ ಬಾಗಿಲಿಗೆ ಹೋಗಿದ್ದಾರೆ, ಅದಕ್ಕೆ ಅಮ್ಮಾವ್ರು, "ಏನೇ, ಇವತ್ತು ಅಧ್ಯಕ್ಷರಾಗಿ ಬಂದಿದ್ದೀಯಾ?" ಅಂದಿದ್ದಾರೆ. ಹೌದು ಅಮ್ಮ ಅಂತ ಇವರು. ಫೀಸು ಕೊಟ್ಟಿದ್ದಕ್ಕೆ ನೀನು ತಿರುಗಿ ಕೊಡೋದು ಬಿಟ್ಟು ಇನ್ನೂ ಕೇಳೋಕೆ ಬಂದ್ಯಾ ಅಂತ ನಕ್ಕಿದ್ದಾರೆ. ಮಗ ನಗಲಿಲ್ಲ. ಸುಮ್ನೆ ಇಲ್ಲದ ತಾಪತ್ರಯ, ಆ ಮಕ್ಕಳಿಗೇನಾದ್ರೂ ಆದ್ರೆ ಯಾರು ಜವಾಬ್ದಾರಿ ಅಂದ. ಮೂರು ವಾರ ಹಿಡೀತು. ಕೊನೆಗೆ ಗೊಬ್ಬರ ಬೇರೆ ಕಡೆ ಹೋಯ್ತು, ಲೈನಲ್ಲೇ ಇದ್ದ ವಯಸ್ಸಾದ ಹೆಂಗಸೊಬ್ಬರಿಗೆ ತೋಟದ ಲೆಕ್ಕದಲ್ಲೇ ದಿನಗೂಲಿ ಕೊಟ್ಟು ಕೂಸುಗಳನ್ನ ನೋಡೋಕೆ ಹಾಕಿದ್ರು. ಅರ್ಜಿ ಹಾಕಿದ್ರೆ ಏನಾಗ್ತಿತ್ತೋ, ನನ್ನ ಅಂದಾಜು, ಇನ್ಸ್‌ಪೆಕ್ಟರ್ ಬಂದು ಹೋಗೋ ಹೊತ್ತಿಗೆ ಕೊಯ್ಲು ಮುಗಿದಿರೋದು. ಆದ್ರೂ ನನಗೆ ಇದು ಪೂರ್ತಿ ಸರಿ ಅನ್ಸಲ್ಲ. ಹಕ್ಕಾಗಿ ಬರ್ಬೇಕಾದ್ದು ಅಮ್ಮಾವ್ರ ದೊಡ್ಡ ಮನಸ್ಸಾಗಿ ಬಂತು, ನಾಳೆ ಅಮ್ಮಾವ್ರು ಹೋದ್ರೆ ಗೊಬ್ಬರ ವಾಪಸ್ ಬರುತ್ತೆ. ಅಧ್ಯಕ್ಷರಿಗೆ ಇದನ್ನ ಹೇಳಿದ್ದಕ್ಕೆ, ಬಂದಾಗ ನೋಡೋಣ ಸರ್, ಈ ವರ್ಷದ ಹುಡುಗೀರು ಈ ವರ್ಷವೇ ಬರ್ಲಿ ಅಂದ್ರು.

ಡಿಸೆಂಬರ್ ಹತ್ತನೇ ತಾರೀಖಿನ ಹೊತ್ತಿಗೆ 12 ಮಕ್ಕಳು ಸೇರಿದ್ರು. ಲೈನಿಂದ ಶಾಲೆಗೆ ಎರಡೂವರೆ ಕಿಲೋಮೀಟರ್, ನಮ್ಮ ಕಡೆ ಆನೆ ಕಾಟ ನಿಮಗೆ ಗೊತ್ತೇ ಇದೆ, ಬೆಳಿಗ್ಗೆ ಮಂಜಲ್ಲಿ ಮಕ್ಕಳನ್ನ ನಡೆಸೋಕಾಗಲ್ಲ, ತೋಟದ ಜೀಪು ಆಳು ಬಿಟ್ಟು ವಾಪಸ್ ಬರುವಾಗ ಮಕ್ಕಳನ್ನ ಹತ್ತಿಸ್ಕೊಂಡು ಬರೋದು ಅಂತಾಯ್ತು.

ಡಿಸೆಂಬರ್ ಮೀಟಿಂಗು

ಊರಲ್ಲಿ ಗುಸುಗುಸು ಶುರುವಾಗಿದ್ದು ಜೀಪ್ ನೋಡಿದ ದಿನದಿಂದ್ಲೇ. ನಮ್ಮ ಮಕ್ಕಳು ನಡ್ಕೊಂಡು ಬರ್ಬೇಕು, ಅವರಿಗೆ ಜೀಪು. ಆಮೇಲೆ ಕಜ್ಜಿ, ಹೇನು. ಆಮೇಲೆ ಇವರು ನಿಜವಾಗ್ಲೂ ಅಸ್ಸಾಂನವರೋ ಇಲ್ಲ ಗಡಿ ಆಚೆಯವರೋ ಅನ್ನೋ ಮಾತು, ಕಾಫಿ ಸೀಮೇಲಿ ಇದು ಪ್ರತಿ ಕೊಯ್ಲಿಗೂ ಏಳೋ ಮಾತು. ಮೀಟಿಂಗಿಗೆ ಯಾವತ್ತೂ ಏಳೆಂಟು ಜನ ಬರೋ ಕಡೆ ಅವತ್ತು ನಲವತ್ತು ಜನ, ಮಕ್ಕಳನ್ನ ಯಾವತ್ತೋ ಪ್ರೈವೇಟಿಗೆ ಹಾಕಿದೋರೂ ಬಂದಿದ್ರು. ಅವರಿಗೂ ಈ ಶಾಲೆಗೂ ಈಗ ಏನು ಸಂಬಂಧ ಅಂತ ನನಗೆ ಕೇಳ್ಬೇಕು ಅನ್ನಿಸ್ತು, ಕೇಳ್ಲಿಲ್ಲ.

ಮಾತು ಶುರು ಮಾಡಿದ್ದು ಸೋದರಮಾವ. ಅವರ ಮೊಮ್ಮಕ್ಕಳಿಬ್ಬರು ಇದೇ ಶಾಲೇಲಿ. "ನಿನ್ನ ಹೆಗಲ ಮೇಲೆ ಹೊತ್ತು ಇದೇ ಶಾಲೆಗೆ ಬಿಟ್ಟವನು ನಾನು. ನನ್ನ ಮೊಮ್ಮಕ್ಕಳ ಪಕ್ಕ ಯಾರನ್ನ ಕೂರಿಸ್ತಿದ್ದೀಯ ಅಂತ ಒಂದು ಮಾತು ಕೇಳಿದ್ಯಾ?" ಇನ್ನು ನಾಲ್ಕು ಜನ ಅದನ್ನೇ ಬೇರೆ ಬೇರೆ ಥರ ಹೇಳಿದ್ರು, ಮಕ್ಕಳನ್ನ ಬಿಡಿಸ್ತೀವಿ ಅಂದ್ರು.

ಅಧ್ಯಕ್ಷರು ಅವತ್ತು ಭಾಷಣ ಮಾಡ್ತಾರೆ, ನಾನೂ ಲೈನ್ ಮನೆ ಮಗು ಅಂತ ಕಣ್ಣಲ್ಲಿ ನೀರು ಹಾಕ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಏನೂ ಇಲ್ಲ. ಪುಸ್ತಕ ತೆಗೆದು, ಒಬ್ಬೊಬ್ಬರೇ ಹೇಳಿ, ಹೆಸರು ಹಾಕಿ ಬರ್ಕೊಳ್ತೀನಿ ಅಂದ್ರು. ಬರ್ಕೊಂಡ್ರು ಕೂಡ. ಕಜ್ಜಿ ಅಂದ್ರಾ, ಯಾರು ನೋಡಿದ್ದು, ಸರಿ, ಬರೆದೆ. ಹೆಸರು ಹಾಕ್ತಾರೆ ಅಂದ ಕೂಡ್ಲೇ ಅರ್ಧ ಆಪಾದನೆ ತಾನಾಗೇ ಸಣ್ಣದಾಯ್ತು. ಕಜ್ಜಿ ಮಾತಿಗೆ, ಮುಂದಿನ ವಾರ ಸರ್ಕಾರದ ಆರ್‌ಬಿಎಸ್‌ಕೆ ಮಕ್ಕಳ ಆರೋಗ್ಯ ಯೋಜನೆಯ ಡಾಕ್ಟರ್ ಟೀಮ್ ಕರೆಸ್ತೀನಿ, ಎಲ್ಲ ಮಕ್ಕಳಿಗೂ ತಪಾಸಣೆ ಅಂದ್ರು. ದೇಶದ ಮಾತಿಗೆ, ಅದು ಪೊಲೀಸ್‌ನವರ ಕೆಲಸ, ಕಾಯ್ದೇಲಿ ಇರೋದು ಆರರಿಂದ ಹದಿನಾಲ್ಕರ ಪ್ರತಿಯೊಂದು ಮಗು ಅಂತ, ಅಷ್ಟೇ ನನಗೆ ಗೊತ್ತಿರೋದು ಅಂದ್ರು. ಜೀಪಿನ ವಿಷಯಕ್ಕೆ ಮಾತ್ರ ಒಪ್ಕೊಂಡ್ರು, ನೀವು ಹೇಳಿದ್ದು ಸರಿ, ದಾರೀಲಿ ಸಿಗೋ ಊರ ಮಕ್ಕಳನ್ನೂ ಹತ್ತಿಸ್ಕೊಳ್ಲಿ ಅಂತ ತೋಟದವರನ್ನ ಕೇಳ್ತೀನಿ. ಮಾವನಿಗೆ ಏನು ಹೇಳಿದ್ರು ಅಂದ್ರೆ ಏನೂ ಹೇಳ್ಲಿಲ್ಲ. ಮೀಟಿಂಗ್ ಮುಗಿದ ಮೇಲೆ ಕಾಫಿ ಲೋಟ ತಗೊಂಡು ಹೋಗಿ ಅವರ ಮುಂದೆ ಇಟ್ರು, ಅವರು ಮುಟ್ಟಲಿಲ್ಲ.

ಡಾಕ್ಟರ್ ಟೀಮ್ ಬಂದು ನೋಡಿದಾಗ ಕಜ್ಜಿ ಇದ್ದಿದ್ದು ನಾಲ್ಕು ಮಕ್ಕಳಿಗೆ, ಅದರಲ್ಲಿ ಎರಡು ಊರಿನವು. ಹೇನಂತೂ ಸರ್ವರಿಗೂ ಸಮಪಾಲು. ಎಲ್ಲರಿಗೂ ಔಷಧಿ ಕೊಟ್ಟು ಹೋದ್ರು. ಇದಾದ ಮೇಲೆ ಆ ಮಾತು ನಿಂತಿತು, ಆದ್ರೆ ಮಾವ ಮಾತ್ರ ಮೊಮ್ಮಕ್ಕಳಿಬ್ಬರನ್ನೂ ಬಿಡಿಸಿ ವ್ಯಾನ್ ಹತ್ತಿಸಿದ್ರು. ಬಿಡಿಸ್ತೀವಿ ಅಂದ ಐದು ಜನದಲ್ಲಿ ಬಿಡಿಸಿದ್ದು ಅವರೊಬ್ಬರೇ, ಅದೂ ಅಧ್ಯಕ್ಷರ ಸ್ವಂತ ಮಾವ. 35 ಇದ್ದಿದ್ದು 33 ಆಯ್ತು.

ಅಡುಗೆಯವರ ವಿಷಯ

ಇದು ಚಿಕ್ಕದು ಅನ್ಸುತ್ತೆ, ಆದ್ರೆ ನನ್ನ ಪ್ರಕಾರ ಇಡೀ ಪ್ರಕರಣದ ನಡುಗಂಬ ಇದೇ. ಅಕ್ಷರ ದಾಸೋಹದಲ್ಲಿ, ಅಂದ್ರೆ ಬಿಸಿಯೂಟದ ಯೋಜನೇಲಿ, 25 ಮಕ್ಕಳ ತನಕ ಒಬ್ರು ಅಡುಗೆಯವರು, 26 ಆದ್ರೆ ಇಬ್ರು. 33 ಆಯ್ತಲ್ಲ, ಎರಡನೇ ಹುದ್ದೆ ಬಂತು. ತಿಂಗಳಿಗೆ ಗೌರವಧನ ಆಗ 3,600 ರೂಪಾಯಿ. ದೊಡ್ಡ ದುಡ್ಡಲ್ಲ, ಆದ್ರೆ ಊರೊಳಗೆ ನೆರಳಲ್ಲಿ ಮಾಡೋ ಕೆಲಸ, ಮಧ್ಯಾಹ್ನಕ್ಕೆ ಮುಗಿಯುತ್ತೆ, ಮಳೇಲಿ ಕಳೆ ತೆಗೆಯೋ ಹಾಗಿಲ್ಲ. ಐದು ಜನ ಅರ್ಜಿ ಕೊಟ್ರು, ಒಬ್ರು ಅಧ್ಯಕ್ಷರ ಸ್ವಂತ ಅಣ್ಣನ ಹೆಂಡ್ತಿ, ಅತ್ತಿಗೆ. ಇನ್ನೊಬ್ರು ಕಾಲೋನಿಯ ವಿಧವೆ, ಮಗ ಇದೇ ಶಾಲೇಲಿ ಎರಡನೇ ಕ್ಲಾಸು.

ಎಲ್ಲರೂ ಅತ್ತಿಗೆಗೇ ಅಂತ ಅಂದ್ಕೊಂಡಿದ್ರು. ಅತ್ತಿಗೇನೂ. ಅಣ್ಣ ಅಂದ್ರೆ ಅಪ್ಪ ಹೋದ್ಮೇಲೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ತೋಟಕ್ಕೆ ಹೋಗಿ ತಂಗೀನ ಓದಿಸಿದವನು. ಈ ಋಣಕ್ಕೆ ಯಾವ ಲೆಕ್ಕ? ನಿಯಮ ನೋಡಿದ್ರೆ ವಿಧವೆಯರಿಗೆ, ಪರಿಶಿಷ್ಟರಿಗೆ ಆದ್ಯತೆ ಇದೆ, ಆದ್ರೆ ಅಧ್ಯಕ್ಷರು ಮನಸ್ಸು ಮಾಡಿದ್ರೆ ಸಮಿತೀಲಿ ಯಾರೂ ಎದುರು ಮಾತಾಡ್ತಿರ್ಲಿಲ್ಲ, ಅದೂ ನಿಜ.

ಜನವರಿ ಮೀಟಿಂಗಲ್ಲಿ ಈ ವಿಷಯ ಬಂದಾಗ ಅಧ್ಯಕ್ಷರು ಎದ್ದು, ನನ್ನ ಸಂಬಂಧಿಕರ ಅರ್ಜಿ ಇದೆ, ಹಾಗಾಗಿ ಈ ವಿಷಯಕ್ಕೆ ಉಪಾಧ್ಯಕ್ಷರು ಕೂರ್ತಾರೆ ಅಂತ ಹೇಳಿ, ಅದನ್ನ ನಡಾವಳೀಲಿ ಬರೆಸಿ, ಹೊರಗೆ ಹೋಗಿ ಬೋರ್‌ವೆಲ್ ಕಟ್ಟೆ ಮೇಲೆ ಕೂತ್ರು. ಮೂವತ್ತು ವರ್ಷದ ಸರ್ವೀಸಲ್ಲಿ ಎಸ್‌ಡಿಎಂಸಿ ಮೀಟಿಂಗಲ್ಲಿ ಯಾರೂ ಹೀಗೆ ಎದ್ದು ಹೋಗಿದ್ದು ನಾನು ನೋಡಿಲ್ಲ. ಉಪಾಧ್ಯಕ್ಷ ಪಾಪ ಬೆವರಿ ಹೋಗಿದ್ದ, ಅವಳು ಹೊರಗೆ ಕೂತಿದ್ದು ಅತ್ತಿಗೆಗೆ ಕೊಡಿ ಅಂತಾನೋ ಕೊಡಬೇಡಿ ಅಂತಾನೋ ಅವನಿಗೆ ಗೊತ್ತಾಗ್ಲಿಲ್ಲ. ಕೊನೆಗೆ ಹೆಡ್ ಮೇಡಂ ಆದ್ಯತೆ ಪಟ್ಟಿ ಓದಿದ್ರು, ಕಾಲೋನಿಯವರ ಹೆಸರು ತಾಲೂಕು ಪಂಚಾಯ್ತಿಯ ಅಕ್ಷರ ದಾಸೋಹ ಆಫೀಸಿಗೆ ಹೋಯ್ತು.

ಆಮೇಲೆ ಎರಡು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳ್ಸೋಕೆ ಶುರು ಮಾಡಿದ್ರು. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ, ಹೊಟ್ಟೆ ಸರಿಯಿಲ್ಲ, ಖಾರ ಜಾಸ್ತಿ ಅಂತ ಏನೇನೋ. ಎಲ್ಲರಿಗೂ ಗೊತ್ತು ಯಾಕೆ ಅಂತ. ಅಧ್ಯಕ್ಷರು ಆ ಮನೆಗಳಿಗೆ ಹೋಗಿ ಕೇಳ್ಲಿಲ್ಲ, ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಶಾಲೆಗೆ ಬಂದು ಮಗಳ ಜೊತೆ ಅಲ್ಲೇ ಕೂತು ಊಟ ಮಾಡೋಕೆ ಶುರು ಮಾಡಿದ್ರು. ಐದು ವಾರ. ಮಕ್ಕಳಿಗೆ ಮೊಟ್ಟೆ ದಿನ ಡಬ್ಬಿ ತಿನ್ನೋದು ಬೇಜಾರು, ಒಂದೊಂದಾಗಿ ಡಬ್ಬಿ ನಿಂತವು. ಅಣ್ಣ ಅತ್ತಿಗೆ ಮಾತ್ರ ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕಳ್ಸಲಿಲ್ಲ. ಅದನ್ನ ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ಬದಲಾಗಿದ್ದು ನನಗೆ ನೆನಪಿದೆ, ಮಾವ ಮೊಮ್ಮಕ್ಕಳನ್ನ ಬಿಡಿಸಿದಾಗಲೂ ಹಾಗಾಗಿರ್ಲಿಲ್ಲ.

ಮಾರ್ಚ್

ಫೆಬ್ರವರಿ ಕೊನೆಗೆ ರೋಬಸ್ಟಾ ಮುಗೀತಾ ಬಂತು, ಮೇಸ್ತ್ರಿ ಬಟವಾಡೆ ಮಾಡಿ ಕೆಲವು ಮನೆಗಳನ್ನ ಎಬ್ಬಿಸ್ದ. 12 ಮಕ್ಕಳಲ್ಲಿ 7 ಹೋದ್ರು, ಪರೀಕ್ಷೆಗೆ ಮೂರು ವಾರ ಇತ್ತು ಅಷ್ಟೆ. ಕನ್ನಡದಲ್ಲಿ ಹೆಸರು ಬರೆಯೋಕೆ ಕಲ್ತಿದ್ರು, ಒಬ್ಬಳು ಹುಡುಗಿಯಂತೂ ಮಗ್ಗಿ ಹನ್ನೆರಡರ ತನಕ. ಆಫೀಸಲ್ಲಿ ನಾನು ಹೆದರಿದ ಹಾಗೇ ಕೇಳಿದ್ರು, ಇದಕ್ಕಾ ಸೇರಿಸ್ಕೊಂಡಿದ್ದು ಅಂತ.

ಅಧ್ಯಕ್ಷರು ಮಾಡಿದ ಒಂದು ಕೆಲಸ ಏನಂದ್ರೆ, ಬಟವಾಡೆ ಯಾವತ್ತು ಅಂತ ತೋಟದ ಲೆಕ್ಕ ಬರೆಯೋ ರೈಟ್ರ ಹತ್ರ ಮೊದ್ಲೇ ತಿಳ್ಕೊಂಡು, ಹೆಡ್ ಮೇಡಂ ಕೈಲಿ ಏಳು ಟಿಸಿ ಬರೆಸಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಲೈನಿಗೆ ಹೋಗಿ ಒಂದೊಂದು ಮನೆಯವರ ಕೈಗೂ ಕೊಟ್ಟಿದ್ದು. ಕಾಯ್ದೆಯ 5ನೇ ಸೆಕ್ಷನ್ ಅಂದ್ನಲ್ಲ, ಟಿಸಿ ತಡ ಮಾಡೋ ಹಾಗಿಲ್ಲ ಅಂತ ಅದರಲ್ಲಿದೆ, ಆದ್ರೆ ಕೇಳ್ಕೊಂಡು ಬಂದೋರಿಗೆ ಕೊಡೋದು ರೂಢಿ, ಕೇಳೋಕೆ ಗೊತ್ತಿಲ್ಲದವರಿಗೆ ಮನೆಗೆ ಹೋಗಿ ಕೊಟ್ಟಿದ್ದು ನಾನು ಕಂಡಿರ್ಲಿಲ್ಲ. ಕವರ್ ಮೇಲೆ ಶಾಲೆಯ ಫೋನ್ ನಂಬರ್ ದಪ್ಪಗೆ ಬರೆದಿದ್ರು. ಜುಲೈನಲ್ಲಿ ಕೊಡಗಿನ ಒಂದು ಶಾಲೆಯಿಂದ ಫೋನ್ ಬಂತು, ಇಂಥ ಹುಡುಗಿ ನಿಮ್ಮಲ್ಲಿ ಓದಿದ್ದು ಹೌದಾ ಅಂತ. ಮಗ್ಗಿ ಹುಡುಗಿ. ಏಳರಲ್ಲಿ ಎಲ್ಲಿಗೆ ಹೋದ್ರು ಅಂತ ಆಗ ನಮಗೆ ಗೊತ್ತಾಗಿದ್ದು ಅದೊಂದೇ. ಕೊಯ್ಲಿಗೆ ನಾಲ್ಕು ಜನ ಇಲ್ಲಿಗೇ ವಾಪಸ್ ಬಂದ್ರು, ಜೊತೆಗೆ ಆರು ಹೊಸಬರು.

2024ರ ಜೂನ್‌ನಲ್ಲಿ ಶಾಲೇಲಿ 27 ಮಕ್ಕಳು, ವರ್ಷವಿಡೀ ಇರೋ ಲೈನ್ ಮಕ್ಕಳು ಐದು ಸೇರಿ. ಎರಡನೇ ಅಡುಗೆಯವರು ಉಳ್ಕೊಂಡ್ರು, ಎರಡು ಮಗುವಿನ ಅಂತರದಲ್ಲಿ. ಆರು ಏಳು ಎತ್ತೋ ಮಾತು ಆ ವರ್ಷ ಬರ್ಲಿಲ್ಲ. ನಿಯೋಜನೆ ಮೇಲೆ ಹೋದ ಮೇಷ್ಟ್ರು ಮಾತ್ರ ವಾಪಸ್ ಬರ್ಲಿಲ್ಲ, ಅಧ್ಯಕ್ಷರು ಬಿಇಒ ಆಫೀಸಿಗೆ ಐದು ಸಲ ಹೋದ್ರು, ಶಕ್ತಿ ಯೋಜನೆ ಬಂದ್ಮೇಲೆ ಬಸ್ ಚಾರ್ಜ್ ಇಲ್ವಲ್ಲ ಸರ್, ಇನ್ನೂ ಐದು ಸಲ ಹೋಗ್ತೀನಿ ಅಂತ ನಗೋರು. ಊರಿನ ಋಣ ಕೆಲಸಕ್ಕೆ ಬರೋದು ಊರ ಗಡಿ ತನಕ. ಆಫೀಸಲ್ಲಿ ಅವರನ್ನ ಯಾರೂ ಎತ್ತಿ ಆಡಿಸಿರ್ಲಿಲ್ಲ.

ಮಗಳು ಪಾಸಾದಳು

ಅವರ ಮಗಳು 2024-25ರಲ್ಲಿ ಐದನೇ ಕ್ಲಾಸು. ಒಬ್ಬಳೇ ಮಗಳು. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇರುತ್ತಲ್ಲ, ಅತಿಥಿ ಶಿಕ್ಷಕಿ ಸಂಜೆ ಹೊತ್ತು ಕೂರಿಸಿ ಹೇಳಿಕೊಟ್ಟು ಬರೆಸಿದ್ರು, ಸೀಟ್ ಸಿಕ್ತು. ಊರಿಗೆಲ್ಲ ಖುಷಿ, ಆಮೇಲೆ ಯಾರಿಗೋ ಹೊಳೀತು, ಮಗಳು ಹೋದ್ರೆ ಇವರು ಪೋಷಕರಲ್ಲ, ಪೋಷಕರಲ್ಲ ಅಂದ್ರೆ ಸಮಿತೀಲಿ ಇಲ್ಲ.

ಮೊದ್ಲು ವಿರೋಧ ಮಾಡಿದವರೇ ನನ್ನ ಹತ್ರ ಬಂದು, ಸರ್ ಏನಾದ್ರೂ ದಾರಿ ಹುಡುಕಿ ಅಂದ್ರು. ಒಬ್ರಂತೂ ಮಗಳನ್ನ ಏಳರ ತನಕ ಇಲ್ಲೇ ಓದಿಸೋಕೆ ಹೇಳಿ ಅಂತ. ಊರು ಹೇಗೆ ಅಂದ್ರೆ, ಸಾಕಿದ್ದಕ್ಕೆ ಮಗಳನ್ನೂ ಕೇಳುತ್ತೆ. ನನಗೆ ವೈಯಕ್ತಿಕವಾಗಿ ಆ ನಿಯಮ ಸರಿ ಅನ್ಸುತ್ತೆ. ಮಗು ಇಲ್ಲದವರು ಸಮಿತೀಲಿ ಕೂತ್ರೆ ಏನಾಗುತ್ತೆ ಅಂತ 2001ಕ್ಕೆ ಮೊದ್ಲು ನೋಡಿದ್ದೀವಿ, ಊರ ಗೌಡ್ರೋ ಪಾರ್ಟಿಯವರೋ ಬಂದು ಕೂತ್ಕೊಂಡು ಹಾರ ಹಾಕಿಸ್ಕೊಂಡು ಹೋಗೋರು. ಆದ್ರೆ ಈ ಒಂದು ಶಾಲೆ ಮಟ್ಟಿಗೆ ಆ ನಿಯಮ ಹೊಟ್ಟೆ ಉರಿಸ್ತು, ಸುಳ್ಳು ಹೇಳಲ್ಲ. ಅವರನ್ನೇ ಕೇಳಿದೆ. ಯೋಚನೆ ಮಾಡೋಕೆ ಒಂದು ದಿನಾನೂ ತಗೊಳ್ಲಿಲ್ಲ. "ನಾನು ಓದೋಕೆ ಊರು ಬಿಟ್ಟು ಹೋಗುವಾಗ ಊರು ನನ್ನ ತಡೀಲಿಲ್ಲ ಸರ್, ಇವಳನ್ನ ನಾನ್ಯಾಕೆ ತಡೀಲಿ."

2025ರ ಜೂನ್‌ನಲ್ಲಿ ಹೊಸ ಅಧ್ಯಕ್ಷೆ ಬಂದ್ರು. ಯಾರು ಅಂದ್ರೆ ಸೋದರಮಾವನ ಸೊಸೆ. ಪ್ರೈವೇಟ್ ಸ್ಕೂಲಿಗೆ ಎರಡು ಮಕ್ಕಳ ಫೀಸು, ವ್ಯಾನ್ ಚಾರ್ಜು ಕಟ್ಟೋಕಾಗ್ದೆ ಹಿಂದಿನ ವರ್ಷವೇ ಮಕ್ಕಳನ್ನ ವಾಪಸ್ ತಂದು ಸೇರಿಸಿದ್ರು, ಮಾವ ಆಗ ಮನೆಯಿಂದ ಹೊರಗೇ ಬಂದಿರ್ಲಿಲ್ಲ. ನಡಾವಳಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕು, ಚೆಕ್‌ಬುಕ್ಕು ಕೊಟ್ಟಾದ್ಮೇಲೆ ಹಳೇ ಅಧ್ಯಕ್ಷರು ಇನ್ನೊಂದು ಎರಡು ರೂಲಿನ ನೋಟ್‌ಬುಕ್ ಕೊಟ್ರು, ಅದರಲ್ಲಿ ಲೈನಿನ ಮನೆ ಮನೆ ಲೆಕ್ಕ, ಯಾರ ಮಗು, ಯಾವ ಮಾತು, ಯಾವಾಗ ಬರ್ತಾರೆ, ಯಾವಾಗ ಹೋಗ್ತಾರೆ, ರೈಟ್ರ ನಂಬರು. ಕೊನೇ ಪುಟದಲ್ಲಿ "ನವೆಂಬರ್ ಮೊದಲ ವಾರ ಎಣಿಸುವುದು" ಅಂತ ಬರೆದಿತ್ತು.

ಹೊಸಬರು, ಎಣಿಸಿ ಎಂತ ಮಾಡದು ಅತ್ತಿಗೆ ಅಂದ್ರು.

"ಮೊದ್ಲು ಎಣಿಸು, ಆಮೇಲೆ ನಿಂಗೇ ಗೊತ್ತಾಗುತ್ತೆ."

ನಾನು ಅಷ್ಟೊತ್ತಿಗೆ ಸಿಆರ್‌ಪಿ ಕೆಲಸ ಬಿಟ್ಟು ವಾಪಸ್ ಪಾಠ ಮಾಡೋಕೆ ಬಂದಿದ್ದೆ, ಬೇರೆ ಶಾಲೆ. ನವೆಂಬರ್ ಎರಡನೇ ವಾರ ಬಸ್ಸಲ್ಲಿ ಹಳೇ ಅಧ್ಯಕ್ಷರು ಸಿಕ್ಕಿದ್ರು, ಮಗಳನ್ನ ನೋಡೋಕೆ ಹೊರಟಿದ್ರು, ತೊಡೆ ಮೇಲೆ ಚಕ್ಕುಲಿ ಡಬ್ಬಿ. ಎಣಿಸಿದ್ರಾ ಅಂತ ಕೇಳಿದೆ. ಎಣಿಸಿದ್ದಾಳಂತೆ, 19 ಮಕ್ಕಳು, ಆದ್ರೆ ಗೊಬ್ಬರದ ಚೀಲ ಮತ್ತೆ ಶಿಶುವಿಹಾರದ ರೂಮಿಗೆ ಬಂದಿದೆಯಂತೆ. ಹೊಸ ಅಧ್ಯಕ್ಷೆ ಅಮ್ಮಾವ್ರ ಮನೆಗೆ ಹೋಗಿಲ್ಲ, ಅವಳಿಗೆ ಅಲ್ಲಿ ಬಳಕೆ ಇಲ್ಲ, ಲೇಬರ್ ಇನ್ಸ್‌ಪೆಕ್ಟರ್‌ಗೆ ಅರ್ಜಿ ಬರೀತಾ ಇದ್ದಾಳಂತೆ, ಒಂದ್ಸಲ ನೋಡಿಕೊಡಿ ಅಂತ ಹಾಳೆ ತೆಗೆದು ನನ್ನ ಕೈಗೆ ಕೊಟ್ರು. ಬಸ್ಸು ಕುಲುಕ್ತಾ ಇತ್ತು, ಎರಡು ಕಡೆ ಕಾಗುಣಿತ ತಿದ್ದಿ, ತಾರೀಖು ಹಾಕೋದು ಮರ್ತಿದ್ದಾರೆ ಅಂತ ಹೇಳಿ ವಾಪಸ್ ಕೊಟ್ಟೆ.